ಹಿಸಾನೊ ಕೊರೆದ ಅಕ್ಷರ

ಪರ್! ಆಮೇಲೆ ಇನ್ನೂ ಉದ್ದಕ್ಕೆ, ಪರ್ರ್ರ್!

ನವೆಂಬರ್ ಕೊನೆಯ ಬೆಳಗ್ಗೆ ನಮ್ಮ ಬೀದಿಯ ಸಮುದಾಯ ಭವನದಿಂದ ಈ ಸದ್ದು ಬಂದರೆ ಹಿಸಾನೊ ಕೆಲಸ ಶುರುಮಾಡಿದಳು ಎಂದು ತಿಳಿಯಬೇಕು. ಜಾರುಬಾಗಿಲುಗಳ ಹಳೆಯ ಕಾಗದ ಹರಿದು, ಮರದ ಚೌಕಟ್ಟು ತೊಳೆದು, ಬಿಳಿಯ ಹೊಸ ಕಾಗದ ಅಂಟಿಸಿದ ಮೇಲೆಯೇ ನಮಗೆ ಹೊಸ ವರ್ಷ. ಅಜುಮಿನೊ ಬಯಲಿನ ಈ ಊರಿನಲ್ಲಿ ಆ ಕೆಲಸ ನಲವತ್ತು ವರ್ಷದಿಂದ ಅಕಾಹಾನೆ ಹಿಸಾನೊಳದು. ಅವಳಿಗೀಗ ಎಪ್ಪತ್ತೊಂಬತ್ತು. ಬೆನ್ನು ಕೊಂಚ ಬಾಗಿದೆ. ಬಾಗಿಲನ್ನು ನೆಲದ ಮೇಲೆ ಮಲಗಿಸಿ ಅಂಟು ಹಚ್ಚುವವರಿಗೆ ಬಾಗಿದ ಬೆನ್ನೇ ಅನುಕೂಲ ಎನ್ನುತ್ತಾಳೆ.

ಹರಿಯುವ ಕೆಲಸ ಮಾತ್ರ ಕಿನುಯೊಳದು. ಹಿಸಾನೊಗಿಂತ ಐದು ವರ್ಷ ಚಿಕ್ಕವಳು, ಜೊತೆಗಾತಿ. ಅವಳು ಹರಿಯುವುದಿಲ್ಲ, ಮುಷ್ಟಿ ಕಟ್ಟಿ ಗುದ್ದುತ್ತಾಳೆ.

"ಮೆಲ್ಲಗೆ ಕಣೇ ಕಿನು. ಕಡ್ಡಿ ಮುರಿದ್ರೆ ನಿನ್ನ ಪಕ್ಕೆಲುಬು ತೆಗೆದು ಕೂರಿಸ್ತೀನಿ."

"ವರ್ಷಕ್ಕೊಂದ್ಸಲ ಗುದ್ದೋಕೆ ಸಿಗತ್ತೆ, ಬಿಡು ಹಿಸಾ ಅಕ್ಕ. ಇದು ನನ್ನ ಸೊಸೆ." ಪರ್! "ಇದು ನಮ್ಮ ಬೀದಿ ಮುಖಂಡ." ಪರ್ರ್! "ಇದು... ಇದು ಯಾರೂ ಅಲ್ಲ, ಸುಮ್ನೆ."

ನಾಲ್ಕು ಬಾಗಿಲು ಬರಿದಾದ ಮೇಲೆ ಕಿನುಯೊ ಎರಡು ಚೌಕಟ್ಟುಗಳನ್ನು ಹೆಗಲಿಗೇರಿಸಿಕೊಂಡು, ಭವನದ ಹಿಂದೆ ಹರಿಯುವ ಕಾಲುವೆಗೆ ತೊಳೆಯಲು ಹೋದಳು. ಅವಳು ಅತ್ತ ಹೋಗುವುದಕ್ಕೂ ಮೊಮೊಸೆ ಕೆಂಗೊ ಇತ್ತ ಒಳಗೆ ಬರುವುದಕ್ಕೂ ಸರಿಹೋಯಿತು.

ಕೆಂಗೊ ಸ್ಟೇಷನ್ ಹತ್ತಿರ ಹಳೆಯ ವಾದ್ಯಗಳ ಅಂಗಡಿ ಇಟ್ಟಿದ್ದಾನೆ. ವಯಸ್ಸು ನಲವತ್ತಾರು, ತಲೆ ಬೋಳಾಗಿದೆ. ಅವನು ಅಂಬೆಗಾಲಿಡುವುದನ್ನು ನೋಡಿದ ಹಿಸಾನೊಗೆ ಈಗಲೂ ಅವನು ಕೆನ್‌ಬೊ.

"ಚಪ್ಪಲಿ ಹೊರಗೆ ಬಿಟ್ಟೆಯೇನೋ ಕೆನ್‌ಬೊ?"

"ಬಿಟ್ಟೆ ಹಿಸಾನೊ ಸಾನ್. ಒಂದು ಕಾಗದ ತೋರಿಸ್ಬೇಕಿತ್ತು. ಈ ಊರಲ್ಲಿ ಕಾಗದ ಅಂದ್ರೆ ನೀವೇ ತಾನೆ?"

ಅವನು ಬಟ್ಟೆಯ ಗಂಟು ಬಿಚ್ಚಿ ಚಾಪೆಯ ಮೇಲೆ ಇಟ್ಟದ್ದು ಒಂದು ಯುಕುಲೇಲೆ. ಎಳೆಮಗುವಿನಂತೆ ಕಂಕುಳಲ್ಲಿ ಅವುಚಿ ನುಡಿಸುವ, ನಾಲ್ಕು ತಂತಿಯ ಪುಟ್ಟ ಗಿಟಾರು. ನಮ್ಮ ನಾಲಿಗೆಯಲ್ಲಿ ಅದು ಉಕುರೆರೆ. ಅಕ್ರೋಟ್ ಮರದ್ದು, ಮೆರುಗು ಮಾಸಿ ಚಹಾದ ಬಣ್ಣಕ್ಕೆ ತಿರುಗಿತ್ತು. ತಲೆಯ ಮೇಲೆ ಚಿನ್ನದ ಬಣ್ಣದಲ್ಲಿ ಐದು ರೋಮನ್ ಅಕ್ಷರ. ಹಿಸಾನೊ ಕನ್ನಡಕ ಹಾಕಿಕೊಳ್ಳಲಿಲ್ಲ. ಆ ಐದು ಅಕ್ಷರ ಓದಲು ಅವಳಿಗೆ ಕನ್ನಡಕ ಬೇಕಿರಲಿಲ್ಲ.

"ಸಾದೊ ದ್ವೀಪದಿಂದ ಒಬ್ಬ ಹೆಂಗಸು ಕಳಿಸಿದ್ದಾರೆ" ಎಂದ ಕೆಂಗೊ. "ಅಮ್ಮ ತೀರಿಕೊಂಡ್ರಂತೆ. ಬಟ್ಟೆ ಪೆಟ್ಟಿಗೆಯ ತಳದಲ್ಲಿ ಇದಿತ್ತಂತೆ. ಆ ಅಮ್ಮ ಒಂದು ದಿನಾನೂ ನುಡಿಸಿದ್ದು ಕಂಡಿಲ್ಲ, ಎಲ್ಲಿಂದ ಬಂತು ಅಂತ ಬಾಯಿ ಬಿಟ್ಟಿಲ್ಲ. ಎಲ್ಲಿ ಮಾಡಿದ್ದು ಅಂತ ತಿಳಿಸಿಕೊಡಿ ಅಂತ ಕಾಗದ ಬರೆದಿದ್ದಾರೆ. ನಾನು ಫೋಟೊ ತೆಗೆದು ಟೋಕಿಯೊದ ಒಬ್ಬ ಜಾಣನಿಗೆ ಕಳಿಸ್ದೆ. ಅವನು ಓದಿದೋನೇ ಹೇಳ್ಬಿಟ್ಟ. ಅರೋಹ! ನ್ಯೂಜಿಲೆಂಡು! ಅಲ್ಲಿಯ ಮೂಲ ಜನರ ಮಾತಲ್ಲಿ ಅರೋಹ ಅಂದ್ರೆ ಪ್ರೀತಿ ಅಂತೆ."

"ಪ್ರೀತೀನಾ?"

"ಹೂಂ. ಯಾರೋ ಹಡಗಿನವನು ಅಮ್ಮಂಗೆ ಕೊಟ್ಟಿರ್ಬೇಕು ಅಂತ ಮಗಳು ಅಂದ್ಕೊಂಡಿದ್ದಾರೆ."

ಹಿಸಾನೊಳ ಹುಬ್ಬು ಮೇಲೆ ಹೋಯಿತು.

ಕೆಂಗೊ ದಂತವೈದ್ಯರ ಪುಟ್ಟ ಕನ್ನಡಿಯೊಂದನ್ನು ವಾದ್ಯದ ದುಂಡು ಬಾಯಿಯೊಳಗೆ ಇಳಿಸಿ ಟಾರ್ಚ್ ಹಿಡಿದ. "ಬೆನ್ನಿನ ಎರಡು ಹಲಗೆ ಕೂಡೋ ಕಡೆ ಕಾಗದದ ಪಟ್ಟಿ ಅಂಟಿಸಿದ್ದಾರೆ ನೋಡಿ. ಅದರ ಮೇಲೆ ಸಾಲಾಗಿ ಅರ್ಧರ್ಧ ಉಂಗುರ. ಚಹಾ ಲೋಟ ಇಟ್ಟ ಗುರುತಿನ ಹಾಗೆ. ನ್ಯೂಜಿಲೆಂಡಲ್ಲಿ ಇಂಥ ಕಾಗದ ಇದೆಯಾ, ನಂಗೊತ್ತಿಲ್ಲ. ಇದೊಂದು ಬಗೆಹರಿದ್ರೆ ನಾಳೇನೇ ಉತ್ತರ ಬರೆದುಬಿಡ್ತೀನಿ."

"ಹಳೇ ಕಾಗದ" ಎಂದಳು ಹಿಸಾನೊ. ಸ್ವಲ್ಪ ತಡೆದು, "ಗಟ್ಟಿ ಕಾಗದ" ಎಂದಳು.

"ಅಷ್ಟು ನಂಗೂ ಗೊತ್ತಾಯ್ತು."

"ಮತ್ತೇನು ಹೇಳ್ಲಿ? ಕಾಗದ ನನ್ನ ಹತ್ರ ಮಾತಾಡತ್ತೇನೋ?"

ಕೆಂಗೊ ನಕ್ಕ. ಪಟ್ಟಿಯ ಒಂದು ತುದಿ ಎದ್ದಿದೆ, ಅಂಟಿಸಿಕೊಟ್ಟರೆ ನಾಳೆ ಬೆಳಗ್ಗೆ ಬಂದು ಒಯ್ಯುತ್ತೇನೆ ಎಂದು ವಾದ್ಯವನ್ನು ಅಲ್ಲೇ ಬಿಟ್ಟುಹೋದ. ಕಾಲುವೆಯ ಕಡೆಯಿಂದ ಕಿನುಯೊಳ ಬ್ರಷ್ಷಿನ ಸದ್ದು ನಿಲ್ಲುವ ಮೊದಲು ಹಿಸಾನೊ ಗಂಟು ಕಟ್ಟಿ ಸೈಕಲ್ಲಿನ ಬುಟ್ಟಿಗೆ ಹಾಕಿ, ಮೇಲೆ ತನ್ನ ಕೋಟು ಹೊದಿಸಿದಳು.

ಮಧ್ಯಾಹ್ನ ಮನೆಯಲ್ಲಿ ಕಿಟಕಿಯ ಬಿಸಿಲಿಗೆ ಕೂತು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡಳು.

ಅರವತ್ತು ವರ್ಷದ ಹಿಂದೆ, ಅವಳು ಯಾಜಿಮಾ ಮನೆತನದ ಹುಡುಗಿಯಾಗಿದ್ದಾಗ, ಇಲ್ಲಿಂದ ಎರಡು ಬೀದಿ ಆಚೆ ಕಾಮಿಜೊ ಯಜಮಾನರ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ಹನ್ನೊಂದು ಜನ, ಒಂದು ಗರಗಸ. ಕಾಮಿಜೊ ಮನೆತನದವರು ಮೂರು ತಲೆಮಾರು ರೇಷ್ಮೆ ಮೊಟ್ಟೆ ಮಾರಿದವರು. ರೇಷ್ಮೆಯ ಕಾಲ ಮುಗಿದ ಮೇಲೆ ಹುಳು ಸಾಕುತ್ತಿದ್ದ ಅಟ್ಟದ ಮನೆಯಲ್ಲೇ ಯುಕುಲೇಲೆ ಮಾಡತೊಡಗಿದರು. ಯೊಕೊಹಾಮಾದ ಒಂದು ವ್ಯಾಪಾರಿ ಕಂಪನಿ ಅವನ್ನು ಕೊಂಡು ಹವಾಯಿಗೆ ಕಳಿಸುತ್ತಿತ್ತು. ಅಟ್ಟದಲ್ಲಿ ಮೊಟ್ಟೆ ಹಾಳೆಗಳ ರಾಶಿ ಉಳಿದಿತ್ತು. ಒಂದೊಂದು ಉಂಗುರದೊಳಗೆ ಒಂದೊಂದು ಚಿಟ್ಟೆಯನ್ನು ಕೂರಿಸಿ ಮೊಟ್ಟೆ ಇಡಿಸುವ ದಪ್ಪ ಹಾಳೆಗಳು. ಹಾಳು ಮಾಡುವುದೇಕೆ ಎಂದು ಯಜಮಾನರು ಅವನ್ನೇ ವಾದ್ಯದ ಬೆನ್ನಿಗೆ ಪಟ್ಟಿಯಾಗಿ ಅಂಟಿಸಿದರು. ಅಂಟಿಸುತ್ತಿದ್ದವಳು ಹಿಸಾನೊ. ಪಟ್ಟಿಯನ್ನು ಅವಳು ಕತ್ತರಿಸುತ್ತಿರಲಿಲ್ಲ. ಅಂಚಿಗೆ ನೀರಿನ ಗೆರೆ ಎಳೆದು ಹರಿಯುತ್ತಿದ್ದಳು. ಹರಿದ ಅಂಚಿನ ನಾರು ಮರವನ್ನು ಕಚ್ಚಿ ಹಿಡಿಯುತ್ತದೆ, ಕತ್ತರಿಸಿದ ಅಂಚು ಎದ್ದುಬರುತ್ತದೆ. ಈಗ ಬಾಗಿಲಿಗೆ ತೇಪೆ ಹಾಕುವಾಗಲೂ ಅವಳು ಮಾಡುವುದು ಹಾಗೆಯೇ.

ಹತ್ತೊಂಬತ್ತನೆಯ ವಯಸ್ಸಿನ ವಸಂತದಲ್ಲಿ ಯಜಮಾನರು ಅವಳನ್ನು ಕರೆದರು. "ವಾದ್ಯದ ತಲೆ ಮೇಲೆ ಹೆಸರು ಬೇಕಂತೆ. ಅರೋಹ ಅಂತ. ಹವಾಯಿಯವರ ನಮಸ್ಕಾರ. ನೀನು ರೋಮನ್ ಅಕ್ಷರದಲ್ಲಿ ತರಗತಿಗೇ ಮೊದಲಿಗಳಂತೆ, ಕೊರಿ."

ನಮ್ಮ ಲಿಪಿಯಲ್ಲಿ ರ ಮತ್ತು ಲ ಎರಡಕ್ಕೂ ಇರುವುದು ಒಂದೇ ಅಕ್ಷರ. ನಾಲಿಗೆಯೂ ಅವೆರಡರ ನಡುವೆ ಎಲ್ಲೋ ತಾಗಿ ಬರುತ್ತದೆ. ಹವಾಯಿಯವರು ಅಲೋಹ ಎಂದದ್ದು ಯೊಕೊಹಾಮಾದ ಫೋನಿನಲ್ಲಿ, ಯಜಮಾನರ ಬಾಯಲ್ಲಿ, ಹಿಸಾನೊಳ ಕಿವಿಯಲ್ಲಿ ಒಂದೇ ಸದ್ದು. ಶಾಲೆಯ ಗೋಡೆಗೆ ತೂಗುಹಾಕಿದ್ದ ರೋಮನ್ ಅಕ್ಷರಗಳ ಪಟದಲ್ಲಿ ಎಲ್ ಎಂಬುದು ಇರಲೇ ಇಲ್ಲ. ರೋ ಎಂದರೆ ಆರ್ ಮತ್ತು ಓ. ಹಿಸಾನೊ ಗಟ್ಟಿ ಕಾಗದದಲ್ಲಿ ಐದು ಅಕ್ಷರದ ಅಚ್ಚು ಕೊರೆದಳು. ಆರ್ ಅಕ್ಷರದ ಕಾಲನ್ನು ಸ್ವಲ್ಪ ಹೊರಕ್ಕೆ ಚಾಚಿದಳು, ಚಂದ ಕಾಣಲೆಂದು. ಇನ್ನೂರ ನಲವತ್ತು ವಾದ್ಯಗಳ ತಲೆಯ ಮೇಲೆ ಆ ಅಚ್ಚಿಟ್ಟು ಚಿನ್ನದ ಬಣ್ಣ ತಟ್ಟಿದಳು. ಬಣ್ಣ ಒಣಗಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡು ತಿಂಗಳಲ್ಲಿ ಇನ್ನೂರ ಮೂವತ್ತೊಂಬತ್ತು ವಾಪಸು ಬಂದವು. ಯೊಕೊಹಾಮಾದವನು ಒಂದನ್ನು ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಕೇಳಿದ, "ಯಾರ್ರೀ ಬರೆದದ್ದು ಇದನ್ನ?"

ಹಿಸಾನೊ ಒಲೆಯ ಮುಂದೆ ಅಂಟು ಕಲಕುತ್ತ ನಿಂತಿದ್ದಳು. ಬಾಯಿ ತೆರೆದಳೋ ಇಲ್ಲವೋ ಅವಳಿಗೇ ಇಂದಿಗೂ ನೆನಪಿಲ್ಲ.

"ನಾನೇ" ಎಂದರು ಕಾಮಿಜೊ ಯಜಮಾನರು. "ಓದು ಬರಹ ಇಲ್ಲದ ಮೂಢ ನಾನು."

ಆಮೇಲೆ ಅವರು ಅವಳ ಕಡೆ ತಿರುಗಿ ಹೇಳಿದ್ದು ಒಂದೇ ಮಾತು. "ಅಂಟು ತಳ ಹಿಡಿಯುತ್ತೆ, ಕಲಕು."

ಎರಡು ವಾರ ಎಲ್ಲರೂ ಕೂತು ಅಕ್ಷರ ಕೆರೆದರು. ಯೊಕೊಹಾಮಾದಿಂದ ಮತ್ತೆ ಬೇಡಿಕೆ ಬರಲಿಲ್ಲ. ಮರುವರ್ಷ ಗರಗಸ ಮಾರಿಹೋಯಿತು, ಯಜಮಾನರು ಪಕ್ಕದೂರಿನಲ್ಲಿ ಸೋಯಾ ಹುದುಗಿಸಿ ಮಿಸೊ ಮಾಡುವ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸುವ ಕೆಲಸಕ್ಕೆ ಸೇರಿದರು. ಸಾಯುವವರೆಗೂ ಊರಿನ ಬಾಯಲ್ಲಿ ಅವರು ಅರೋಹ ತಾತ. ತಪ್ಪು ಯಾರದೆಂದು ಅವರು ಮನೆಯಲ್ಲೂ ಹೇಳಲಿಲ್ಲ. ಹಿಸಾನೊ ಮದುವೆಯಾದಳು, ರೈಲ್ವೆಯಲ್ಲಿದ್ದ ಗಂಡನಿಗೆ ಊಟದ ಡಬ್ಬಿ ಕಟ್ಟಿದಳು, ಎರಡು ಮಕ್ಕಳನ್ನು ಬೆಳೆಸಿದಳು, ಊರಿನ ಬಾಗಿಲುಗಳಿಗೆಲ್ಲ ಕಾಗದ ಹಾಕಿದಳು. ಯಜಮಾನರ ಮಗಳು ಹನ್ನೆರಡು ವರ್ಷದ ಹಿಂದೆ ಗಂಡ ಸತ್ತು ಊರಿಗೆ ಮರಳಿದಾಗ, ಬಾ, ನನ್ನ ಜೊತೆ ಕೆಲಸ ಮಾಡು ಎಂದು ಮೊದಲು ಕರೆದವಳು ಹಿಸಾನೊ. ಎಂಥ ಒಳ್ಳೆಯ ಮನಸ್ಸು ಎಂದರು ಜನ. ಆ ಮಗಳು ಕಿನುಯೊ. ರೇಷ್ಮೆಯವರ ಮನೆಯ ಮಗುವೆಂದು ಅವಳ ಹೆಸರಿನಲ್ಲೇ ರೇಷ್ಮೆ ಇದೆ, ನಮ್ಮ ಮಾತಲ್ಲಿ ಕಿನು ಎಂದರೆ ರೇಷ್ಮೆ.

ಕೆರೆಯದೆ ಉಳಿದದ್ದು ಒಂದೇ ಒಂದು. ಬೆನ್ನಿನ ಮರದಲ್ಲಿ ಸಣ್ಣ ಗಂಟಿದೆ ಎಂದು ಕಳಿಸುವ ಮೊದಲೇ ಆರಿಸಿ ತೆಗೆದದ್ದು. ಸಾದೊ ದ್ವೀಪದಿಂದ ಕೆಲಸಕ್ಕೆ ಬಂದಿದ್ದ ಮಿತ್ಸು ಎಂಬ ಹುಡುಗಿ ಮದುವೆಗೆಂದು ಊರಿಗೆ ಹೊರಟಾಗ ಯಜಮಾನರು ಅದನ್ನು ಅವಳ ಕೈಗಿಟ್ಟಿದ್ದರು. ಹಿಸಾನೊ ಬೆನ್ನು ಸವರಿದಳು. ಗಂಟು ಬೆರಳಿಗೆ ಸಿಕ್ಕಿತು.

ಅಂಟು ಹಚ್ಚಲೆಂದು ಇಕ್ಕಳದಿಂದ ಪಟ್ಟಿಯ ಎದ್ದ ತುದಿಯನ್ನು ಇನ್ನಷ್ಟು ಬಿಡಿಸಿ, ಕನ್ನಡಿ ಇಳಿಸಿ ನೋಡಿದಳು. ಕಾಗದದ ಅಡಿಯಲ್ಲಿ, ಮರಕ್ಕೆ ಮುಖಮಾಡಿ, ಅರ್ಧ ಹರಿದ ಕೆಂಪು ಮುದ್ರೆ. ಮೊಟ್ಟೆ ಹಾಳೆಗಳ ಮೇಲೆ ಕಾಮಿಜೊ ಮನೆತನದವರು ಒತ್ತುತ್ತಿದ್ದ ಮುದ್ರೆ. ಕೆಂಗೊ ಹುಡುಕುತ್ತಿದ್ದ ಉತ್ತರ ಇಷ್ಟೇ. ಬ್ರಷ್ಷಿನಿಂದ ಒಮ್ಮೆ ಸವರಿ ಹೆಬ್ಬೆರಳು ಒತ್ತಿದರೆ ಇದು ನ್ಯೂಜಿಲೆಂಡಿನದಾಗುತ್ತದೆ. ಅಕ್ಷರವೂ ಸರಿಯಾಗುತ್ತದೆ, ಪ್ರೀತಿ ಎಂದಾಗುತ್ತದೆ. ಕಿನುಯೊ ನಾಳೆಯೂ ನಗುತ್ತ ಗುದ್ದುತ್ತಾಳೆ. ಸಾದೊದಲ್ಲಿ ಮಾತ್ರ ಮಿತ್ಸುವಿಗೆ, ಗಂಡಸರೆದುರು ತಲೆ ಎತ್ತದಿದ್ದ ಆ ಹುಡುಗಿಗೆ, ಒಬ್ಬ ಹಡಗಿನವನು ಗಂಟುಬೀಳುತ್ತಾನೆ.

ಬ್ರಷ್ ಅಂಟಿನಲ್ಲಿ ಅದ್ದಿಯೇ ಇತ್ತು. ಹಿಸಾನೊಳ ಸೊಸೆ ಕೆಲಸದಿಂದ ಬಂದು ದೀಪ ಹಾಕಿದಾಗ ಅಂಟಿನ ಮೇಲೆ ಕೆನೆ ಕಟ್ಟಿತ್ತು.

ಮರುದಿನ ಭವನದಲ್ಲಿ ಹಿಸಾನೊ ಗೋಧಿಹಿಟ್ಟಿನ ಹೊಸ ಅಂಟನ್ನು ಅಡುಗೆಕೋಣೆಯ ಒಲೆಗಿಟ್ಟು, ಉರಿ ಸಣ್ಣಗೆ ಮಾಡಿ, ಚಹಾ ಮಾಡಿದಳು. ಕಿನುಯೊ ತಾನು ಮನೆಯಿಂದ ತಂದ ಸೊಪ್ಪಿನ ಉಪ್ಪಿನಕಾಯಿಯನ್ನು ತಟ್ಟೆಗೆ ಹಾಕಿದಳು. ಕೆಂಗೊ ಬಂದು ಕಾಲು ಮಡಿಸಿ ಕೂತ. ಹಿಸಾನೊ ಗಂಟು ತಂದು ಕಿನುಯೊಳ ಮುಂದೆಯೇ ಬಿಚ್ಚಿದಳು.

ಕಿನುಯೊ ತಟ್ಟೆ ಕೆಳಗಿಟ್ಟಳು.

"ಎಲ್ಲಿತ್ತು ಈ ಪೀಡೆ?"

"ನಿಮಗೆ ಗೊತ್ತಾ ಇದು?" ಕೆಂಗೊ ಮುಂದೆ ಬಾಗಿದ. "ನ್ಯೂಜಿಲೆಂಡಿಂದು ಅಂತ..."

"ಏನಂದೆ?"

ಅವನು ಟೋಕಿಯೊದ ಜಾಣನ ಕಥೆಯನ್ನೆಲ್ಲ ಮತ್ತೆ ಹೇಳಿದ. ಕಿನುಯೊಳ ಮುಖ ಮೆಲ್ಲಗೆ ಸಡಿಲವಾಯಿತು.

"ಹಾಗೇ ಬರಿಯೋ ಕೆನ್‌ಬೊ. ನ್ಯೂಜಿಲೆಂಡು. ಒಳ್ಳೇ ದೇಶ, ಕುರಿ ಇರತ್ತೆ. ಬರಿ, ಬರಿ. ನಮ್ಮಪ್ಪ ಬದುಕ್ಕೊಂಡ."

"ನಿಮ್ಮಪ್ಪಂಗೂ ಇದಕ್ಕೂ ಏನು..."

"ಏನಿಲ್ಲ. ನೀನು ಬರಿ ಅಂದ್ರೆ ಬರಿ. ಉಪ್ಪಿನಕಾಯಿ ತಿನ್ನು."

ಅಲ್ಲಿಗೆ ಮುಗಿಯಬಹುದಿತ್ತು. ತಪ್ಪಿಸಿಕೊಳ್ಳುವ ಬಾಗಿಲು ಕೇಳದೆಯೇ ತೆರೆದುಕೊಂಡಿತ್ತು, ತೆರೆದವಳೂ ಕಿನುಯೊ. ಹಿಸಾನೊ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ಚಹಾ ಕುಡಿಯಲಿಲ್ಲ.

"ಕೆನ್‌ಬೊ, ಆ ಕನ್ನಡಿ ತೆಗಿ. ಪಟ್ಟಿ ನಾನು ಅಂಟಿಸಿಲ್ಲ, ಇನ್ನೂ ಎಬ್ಬಿಸಿದ್ದೀನಿ. ಅಡಿ ನೋಡು."

ಅವನು ಟಾರ್ಚ್ ಹಿಡಿದು ನೋಡಿದ. "ಕೆಂಪು ಮುದ್ರೆ. ಕಾಮಿ... ಕಾಮಿಜೊ?" ತಲೆ ಎತ್ತಿ ಕಿನುಯೊಳನ್ನು ನೋಡಿದ.

"ರೇಷ್ಮೆ ಮೊಟ್ಟೆ ಹಾಳೆ ಅದು" ಎಂದಳು ಹಿಸಾನೊ. "ಚಿಟ್ಟೆ ಕೂತ ಉಂಗುರ. ಈ ಊರಲ್ಲೇ ಮಾಡಿದ್ದು, ಕಿನು ಮನೆ ಅಟ್ಟದಲ್ಲಿ. ಸಾದೊ ಮಿತ್ಸುಗೆ ಕೊಟ್ಟಿದ್ದು ಯಾವ ಹಡಗಿನವನೂ ಅಲ್ಲ, ಕಾಮಿಜೊ ಯಜಮಾನರು. ಅವಳ ಮಗಳಿಗೆ ಮೊದಲು ಅದನ್ನ ಬರಿ."

"ಯಾಕಕ್ಕ?" ಕಿನುಯೊಳ ದನಿ ಸಣ್ಣದಾಯಿತು. "ಸತ್ತೋರನ್ನ ಮತ್ತೆ ನಗೆಪಾಟಲು ಮಾಡ್ಬೇಕಾ?"

"ಅಕ್ಷರ ನಿಮ್ಮಪ್ಪ ಬರೆದದ್ದಲ್ಲ ಕಿನು. ನಾನು. ಅಚ್ಚು ಕೊರೆದೋಳು ನಾನು, ಬಣ್ಣ ತಟ್ಟಿದೋಳೂ ನಾನು. ಅವರು ನನ್ನ ಹೆಸರು ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಕಿನುಯೊ ಎದ್ದು, ಉಳಿದಿದ್ದ ಒಂದೇ ಹಳೆಯ ಬಾಗಿಲಿನ ಮುಂದೆ ಹೋಗಿ ಕೂತಳು. ಗುದ್ದಲಿಲ್ಲ. ಒಂದೊಂದೇ ಚೌಕದ ಕಾಗದವನ್ನು ಉಗುರಿನಿಂದ ಎಬ್ಬಿಸಿ, ಎಳೆದು, ಮಡಿಸಿ, ಪಕ್ಕಕ್ಕಿಟ್ಟಳು. ಆರು ಚೌಕ ಆದವು.

"ಶಾಲೇಲಿ ನನ್ನ ಊಟದ ಡಬ್ಬಿ ಮೇಲೆ ಮೊಳೆಯಿಂದ ಗೀಚಿದ್ರು, ಅರೋಹ ಅಂತ" ಎಂದಳು, ತಿರುಗದೆ. "ಬೂದಿ ಹಾಕಿ ತಿಕ್ಕಿಕೊಟ್ಟೋಳು ನೀನು. ಬಾವಿಕಟ್ಟೆ ಮೇಲೆ ಕೂತು, ಬೆರಳು ಕೆಂಪಾಗೋವರೆಗೂ. ಹಿಸಾ ಅಕ್ಕ ಎಷ್ಟು ಒಳ್ಳೇವಳು ಅಂತ ಅಮ್ಮ ಅಂದ್ಳು."

"ಹೂಂ."

"ಅವತ್ತಾದ್ರೂ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು."

"ಅಪ್ಪನ ಹೆಣದ ಮುಂದೆ ಯಾರೋ ಅರೋಹ ತಾತ ಅಂದಾಗ?"

"ಆಗಲೂ ಹೇಳ್ಬಹುದಿತ್ತು. ಅಲ್ಲೇ ಇದ್ದೆ."

ಕೆಂಗೊ ಉಪ್ಪಿನಕಾಯಿಯ ತಟ್ಟೆಯನ್ನೇ ನೋಡುತ್ತ ಕೂತಿದ್ದ. ಅಗಿದರೆ ಸದ್ದಾಗುತ್ತದೆಂದು ಬಾಯಲ್ಲಿದ್ದದ್ದನ್ನು ಹಾಗೇ ಇಟ್ಟುಕೊಂಡಿದ್ದ. ಕೊನೆಗೆ ನುಂಗಿ ಕೇಳಿದ, "ಹಾಗಾದ್ರೆ ನಾನು... ಏನಂತ ಬರೀಲಿ?"

ಕಿನುಯೊ ತಿರುಗಿದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಬರ್ಕೊ. ಮಾಡಿದ್ದು ಕಾಮಿಜೊ ಕಾರ್ಖಾನೆ, ಅಜುಮಿನೊ. ಕಾಗದ ನಮ್ಮನೆ ಮೊಟ್ಟೆ ಹಾಳೆ. ಬರೆದ್ಯಾ? ಅಕ್ಷರ..." ಅವಳು ಉಸಿರೆಳೆದುಕೊಂಡಳು. "ಅಕ್ಷರ ಕೊರೆದೋಳು ಯಾಜಿಮಾ ಹಿಸಾನೊ. ಆಗಿನ್ನೂ ಮದುವೆ ಆಗಿರ್ಲಿಲ್ಲ. ದಪ್ಪಕ್ಕೆ ಬರಿ. ತರಗತಿಗೇ ಮೊದಲಿಗಳು ಅಂತಾನೂ ಬರಿ."

"ಅದನ್ನೂ ಬರೀಬೇಕಾ?"

"ಬರಿಯೋ! ಅರವತ್ತು ವರ್ಷ ನಮ್ಮಪ್ಪನ ಹೆಸರು ಹಾಕ್ಕೊಂಡು ಓಡಾಡಿದೆ ಆ ಅಕ್ಷರ. ಈಗ ತನ್ನ ಒಡತಿ ಮನೆಗೆ ಹೋಗ್ಲಿ."

"ಬರಿ" ಎಂದಳು ಹಿಸಾನೊ ಕೂಡ.

"ನೋಡು, ಆರ್ ಕಾಲು ಹೇಗೆ ಚಾಚಿದೆ" ಎಂದಳು ಕಿನುಯೊ ವಾದ್ಯವನ್ನು ಎತ್ತಿಕೊಂಡು. ಮೊದಲ ಸಲ ಅದನ್ನು ಮುಟ್ಟುತ್ತಿದ್ದಳು. "ಎಷ್ಟು ಜಂಬ ನಿಂಗೆ. ತಪ್ಪು ಬರೆದದ್ದಲ್ಲದೆ ಸಿಂಗಾರ ಬೇರೆ."

"ಚಂದ ಕಾಣ್ಲಿ ಅಂತ."

"ಅಪ್ಪ ಆಮೇಲೆ ನಿಂಗೆ ಏನಂದ್ರು? ಒಂದು ಮಾತೂ ಬಯ್ಲಿಲ್ವಾ?"

"ಅಂಟು ತಳ ಹಿಡಿಯುತ್ತೆ, ಕಲಕು ಅಂದ್ರು."

"ಅಷ್ಟೇನಾ?"

"ಅಷ್ಟೇ."

ಕಿನುಯೊಳ ತುಟಿ ಅಲುಗಿತು. ನಗುವೋ ಅಳುವೋ, ಎರಡಕ್ಕೂ ಮುಂಚಿನದೋ. "ಅವರು ಬಯ್ಯದಿದ್ರೆ ನಾನು ಬಯ್ತೀನಿ. ಇನ್ನೂ ಶುರುವೇ ಮಾಡಿಲ್ಲ ನಾನು, ಗೊತ್ತಾಯ್ತಾ? ಆ ಚಳಿಗಾಲ ಅಪ್ಪ ಪೀಪಾಯಿ ಉರುಳಿಸಿ ಮನೆಗೆ ಬಂದಾಗ ಕೈ ನೋಡ್ಬೇಕಿತ್ತು ನೀನು. ಬೆರಳು ಹೀಗೆ..."

ಅಡುಗೆಕೋಣೆಯಿಂದ ಗೋಧಿಹಿಟ್ಟಿನ ವಾಸನೆ, ಕೊಂಚ ಸೀದಂತೆ, ಬರತೊಡಗಿತು. ಹಿಸಾನೊ ನೆಲಕ್ಕೆ ಕೈಯೂರಿ ಎದ್ದಳು.

"ಎಲ್ಲಿಗೆ ಹೊರಟೆ? ನಾನಿನ್ನೂ ಮಾತಾಡ್ತಾ ಇದೀನಿ! ಹಿಸಾ ಅಕ್ಕ! ಬೆರಳು ಹೀಗೆ ಸೀಳಿತ್ತು, ಕೇಳಿಸ್ತಾ? ರಾತ್ರಿ ಅಮ್ಮ ಎಣ್ಣೆ..."

"ಹೇಳ್ತಿರು, ಅಲ್ಲಿಗೂ ಕೇಳಿಸುತ್ತೆ" ಎಂದು ಹಿಸಾನೊ ಸೌಟಿನ ಕಡೆ ನಡೆದಳು.